ಕಮರುನ್ನೀಸಾಳ ಮರಿಯಮ್ ಪಂಜಾ

ಮಾನ್ವಿಯ ಬಸ್ ನಿಲ್ದಾಣದಿಂದ ಮಸೀದಿ ಓಣಿಗೆ ತಿರುಗುವ ಮೂಲೆಯಲ್ಲಿ ಖಾಜಾಮಿಯಾನ ಮಂಡಾಳಿನ, ಅಂದರೆ ಮಂಡಕ್ಕಿಯ ಭಟ್ಟಿ ಇದೆ, ಹಿಂದೆಯೇ ಮನೆ. ಭಟ್ಟಿ ಅವನದು, ಅಂಗಡಿ ಅವನ ಹೆಂಡತಿ ಕಮರುನ್ನೀಸಾಳದು. ಅವನು ಒಳಗೆ ಕಾದ ಉಸುಕಿನಲ್ಲಿ ಅಕ್ಕಿ ಹುರಿಯುತ್ತಾನೆ, ಅವಳು ಹೊರಗೆ ಕೂತು ಮಂಡಾಳು ಅಳೆಯುತ್ತಾಳೆ. ಅವನು ದಿನವಿಡೀ ಆಡಿದ ಮಾತನ್ನೆಲ್ಲ ಕೂಡಿಸಿದರೂ ಅವಳು ಒಂದು ಸೇರು ಅಳೆಯುವಷ್ಟರಲ್ಲಿ ಆಡುವ ಮಾತಿಗೆ ಸಮ ಬರುವುದಿಲ್ಲ. ಊರಿನ ಗಂಡಸರು ಅವಳನ್ನು ಮಂಡಾಳಿಗಾಗಿ ಬಲ್ಲರು. ಹೆಂಗಸರು ಬಲ್ಲದ್ದು ಹೂವಿಗಾಗಿ.

ಹೂವು ಎಂದರೆ ಮುಡಿಯುವ ಹೂವಲ್ಲ. ತೋರಿಸಿದರೆ ನೀವು ಅದನ್ನು ಹೂವೆಂದು ಒಪ್ಪುವುದೂ ಇಲ್ಲ, ಒಲೆಗೆ ತಂದ ಪುಳ್ಳೆ ಇರಬೇಕೆಂದು ಎತ್ತಿ ಎಸೆದೀರಿ. ಮುಷ್ಟಿಯಷ್ಟು ದೊಡ್ಡದು, ಬೂದಿಯ ಬಣ್ಣ, ಕಡ್ಡಿಗಳೆಲ್ಲ ಒಳಕ್ಕೆ ಮುರುಟಿಕೊಂಡು ಬಿಗಿಯಾಗಿವೆ. ಅರಬ್ಬರ ನಾಡಿನ ಬೋಳು ಕಲ್ಲುಬೆಟ್ಟಗಳಲ್ಲಿ, ಮರಳಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅಪರೂಪಕ್ಕೆ ಮಳೆ ಬಿದ್ದಾಗ ಚಿಗಿತು, ಸಾಸಿವೆ ಗಾತ್ರದ ಬಿಳಿ ಹೂ ಬಿಟ್ಟು, ಬೀಜ ಕಟ್ಟಿ ಒಣಗುತ್ತದೆ. ಒಣಗಿದ ಮೇಲೆ ಮುಷ್ಟಿ ಕಟ್ಟುತ್ತದೆ, ನೀರು ತಾಗಿದರೆ ಮುಷ್ಟಿ ಬಿಚ್ಚುತ್ತದೆ. ಬೀಬೀ ಮರಿಯಮ್ ಹೆರಿಗೆ ನೋವಿನಲ್ಲಿ ಈ ಗಿಡವನ್ನೇ ಹಿಡಿದುಕೊಂಡಿದ್ದಳೆಂದು ಹೇಳುತ್ತಾರೆ. ಅದಕ್ಕೇ ಅದು ಮರಿಯಮ್ ಪಂಜಾ, ಮರಿಯಮ್‌ಳ ಹಸ್ತ. ಓಣಿಯಾಚೆಯ ಲಿಂಗಾಯತರ ಹೆಂಗಸರಿಗೆ ಅಷ್ಟೆಲ್ಲ ಬೇಕಾಗಿಲ್ಲ, ಅವರು ಮಕ್ಕಾದ ಹೂವು ಎನ್ನುತ್ತಾರೆ.

ಅದನ್ನು ಮಾನ್ವಿಗೆ ತಂದವಳು ಕಮರುನ್ನೀಸಾಳ ಅತ್ತೆ ಮಹಬೂಬೀ. ಹಜ್ಜಿಗೆ ಹೋದಾಗ ಹಾದಿಬದಿಯ ಮುದುಕಿಯೊಬ್ಬಳ ಹತ್ತಿರ ಕೊಂಡದ್ದು. ಸಾಯುವ ಮುಂಚೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸೊಸೆಯ ಕೈಗಿಟ್ಟು ಅದರ ಕಟ್ಟಳೆಗಳನ್ನೂ ಹೇಳಿದ್ದಳು. ಯಾರ ಮನೆಯಿಂದ ಕರೆ ಬಂದರೂ ಹೋಗಬೇಕು, ಜಾತಿ ಕೇಳಬಾರದು. ಪಿಂಗಾಣಿ ಬಟ್ಟಲಲ್ಲಿ ನೀರು ಹಾಕಿ, ಬಿಸ್ಮಿಲ್ಲಾ ಹೇಳಿ, ಹೆರುವವಳ ತಲೆದೆಸೆಯಲ್ಲಿಡಬೇಕು. ಹೂವು ಬಿಚ್ಚುತ್ತ ಹೋದಂತೆ ಹೊಟ್ಟೆಯ ಬಾಗಿಲೂ ಬಿಚ್ಚುತ್ತದೆ. ಆ ನೀರನ್ನು ಒಂದು ಗುಟುಕು ಕುಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು: ಹೆರುವವರಿಲ್ಲದೆ ಹೂವನ್ನು ನೀರಿಗೆ ಹಾಕಕೂಡದು. ಹಾಕಿದರೆ ಅದರ ಬರಕತ್ ಹೋಗುತ್ತದೆ. ಹೂವು ಸತ್ತಿಲ್ಲ, ನಿದ್ದೆ ಮಾಡುತ್ತಿದೆ, ಹೆರುವವಳ ನೋವಿಗೆ ಮಾತ್ರ ಎಚ್ಚರವಾಗುತ್ತದೆ ಎಂದು ಮಹಬೂಬೀ ನಂಬಿದ್ದಳು. ಕಮರುನ್ನೀಸಾ ಅತ್ತೆಯ ಬೇರೆ ಯಾವ ಮಾತನ್ನೂ ಸುಲಭಕ್ಕೆ ಒಪ್ಪಿದವಳಲ್ಲ. ಇದೊಂದನ್ನು ಒಪ್ಪಿದ್ದಳು.

ಒಪ್ಪಿದ್ದಷ್ಟೇ ಅಲ್ಲ, ಅದರಲ್ಲಿ ಪಳಗಿದಳು. ಹೂವು ಬೇಗ ಬಿಚ್ಚಿದರೆ ಹೆರಿಗೆ ಹಗುರ, ತಡವಾದರೆ ಕಷ್ಟ, ಅರ್ಧಕ್ಕೆ ನಿಂತರೆ ಡಾಕ್ಟರನ್ನು ಕರೆಯಿರಿ ಎಂದು ಮುಖ ನೋಡಿ ಹೇಳಿದಂತೆ ಹೇಳುತ್ತಿದ್ದಳು. ಹೇಳಿದ್ದು ನಿಜವಾದಾಗ ನೆನಪಿಟ್ಟುಕೊಂಡಳು. ನಿಜವಾಗದೆ ಇದ್ದದ್ದನ್ನು ಅವಳೂ ಮರೆತಳು, ಹೆತ್ತವರೂ ಮರೆತರು. ಮಗು ಅತ್ತ ಮನೆಯಲ್ಲಿ ಇದನ್ನೆಲ್ಲ ಯಾರು ಕೆದಕುತ್ತಾರೆ? ಹೀಗಾಗಿ ಅವಳಿಗೆ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳು ಯಾಕೆ ಹೇಳಬೇಕು. ಮದುವೆ ಮನೆಯಲ್ಲಿ ಎಳೆ ಮಕ್ಕಳನ್ನು ತೋರಿಸಿ, "ಇದು ನನ್ನ ಹೂವಿನ ಮುಂದ ಹುಟ್ಟಿದ್ದು, ಅದೂ ನನ್ನ ಹೂವಿಂದು," ಎಂದು ಬೆರಳು ಮಾಡುತ್ತ ಹೋಗುವಳು. ಎಲ್ಲರೂ ಆಸ್ಪತ್ರೆಯಲ್ಲಿ ಹೆರತೊಡಗಿದ ಮೇಲೂ ಕರೆ ನಿಲ್ಲಲಿಲ್ಲ. ಹೂವು ಕೈಚೀಲದಲ್ಲಿ ಕೂತು ಆಂಬುಲೆನ್ಸ್ ಹತ್ತುತ್ತಿತ್ತು. ನರ್ಸ್‌ಗಳು ಕಂಡೂ ಕಾಣದಂತೆ ಇರುತ್ತಿದ್ದರು.

ನಿಗಾರ್ ಅವಳಿಗೆ ಒಬ್ಬಳೇ ಮಗಳು. ತಾಯಿಯ ಬಾಯಿ ಮಗಳಿಗೆ ಬಂದಿರಲಿಲ್ಲ. ತಂದೆಯ ಹಾಗೆ ಮೆತ್ತಗೆ, ಹೇಳಬೇಕಾದ್ದನ್ನು ಒಮ್ಮೆ ಹೇಳಿ ಸುಮ್ಮನಾಗುವ ಹುಡುಗಿ. ದೇವದುರ್ಗದಲ್ಲಿ ಗಾಡಿ ರಿಪೇರಿ ಮಾಡುವ ಆಸಿಫ್‌ಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ವರ್ಷ ಬಸಿರು ನಿಲ್ಲದೆ, ದರ್ಗಾ, ದವಾಖಾನೆ ಎಲ್ಲ ತಿರುಗಿ, ಕೊನೆಗೊಮ್ಮೆ ನಿಂತಿತು. ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ಏಳನೆಯ ತಿಂಗಳಲ್ಲಿ ಕಮರುನ್ನೀಸಾ ತಾನೇ ಹೋಗಿ ಕರೆತಂದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಅದೇ ಸುದ್ದಿ.

ಅವರ ಮನೆಮಾತು ದಖ್ಖನಿ. ಅದನ್ನು ಬರೆಯುವಷ್ಟು ನನಗೆ ಬಾರದು, ಅದಕ್ಕೇ ಅವರು ಆಡಿದ್ದನ್ನೆಲ್ಲ ಓಣಿಯ ಕನ್ನಡದಲ್ಲಿಯೇ ಹೇಳುತ್ತಿದ್ದೇನೆ.

ದಿನ ಹತ್ತಿರ ಬಂದಾಗ ಆಶಾ ಕಾರ್ಯಕರ್ತೆ ಅಂಬಮ್ಮ ಬಂದು ನಿಗಾರ್‌ಳ ಕಾಲನ್ನು ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ ಕಡೆ ತಗ್ಗು ಬಿದ್ದದ್ದು ಹಾಗೇ ಉಳಿಯಿತು.

"ಕಮರಮ್ಮ, ನಾ ಹೇಳೂದು ಕಿವ್ಯಾಗ ಹಾಕ್ಕೊಳ್ರಿ. ಕಾಲು ಬಾತಾವ, ಬಿಪಿ ಏರ್ಯಾದ. ನೋವು ಶುರು ಆದ ಕೂಡಲೆ ರಾಯಚೂರಿಗೆ ಹೊಂಡ್ರಿ. ಇಲ್ಲಿ ಕುಂತು ದಾರಿ ನೋಡಬ್ಯಾಡ್ರಿ."

"ಹೊಂಡ್ತೀನಿ ಬಿಡವ್ವಾ. ಇರೂದೊಂದು ಮಗಳು, ನನಗ ಭಾರ ಆಗ್ಯಾಳೇನು?"

ಆ ಮಾತನ್ನು ಅವಳು ಮನಸ್ಸಿಟ್ಟೇ ಆಡಿದ್ದಳು. ಆಸಿಫ್‌ಗೆ ಫೋನು ಮಾಡಿ ಗೆಳೆಯನ ಕಾರನ್ನು ಹೇಳಿಡಿಸಿದ್ದೂ ಅವಳೇ, ಬಟ್ಟೆಬರೆಯ ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟದ್ದೂ ಅವಳೇ. ಅವಳನ್ನು ದಡ್ಡಿ ಎನ್ನುವವರು ಇದನ್ನು ಮರೆಯಬಾರದು.

ನೋವು ಬಂದದ್ದು ಒಂದು ಶುಕ್ರವಾರ, ಹೊತ್ತೇರಿದ ಮೇಲೆ. ಬೇಸಿಗೆ. ರಾಯಚೂರು ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಅರಿಯದವರಿಗೆ ಹೇಳಿ ಪ್ರಯೋಜನವೂ ಇಲ್ಲ. ಕಾರು ತೆಗೆದುಕೊಂಡು ಆಸಿಫ್ ಹಿಂದಿನ ದಿನವೇ ಬಂದಿದ್ದ. ಖಾಜಾಮಿಯಾ ಭಟ್ಟಿ ಆರಿಸಿ ಬಾಗಿಲಲ್ಲಿ ನಿಂತಿದ್ದ. ಹೊರಡುವ ಮುಂಚೆ ಒಮ್ಮೆ ಹೂವಿನ ಮಾತು ಕೇಳಿಬಿಡೋಣ ಎಂದು ಕಮರುನ್ನೀಸಾ ನಲ್ಲಿಯ ನೀರನ್ನು ಬಟ್ಟಲಿಗೆ ಹಿಡಿದು, ಬಿಸ್ಮಿಲ್ಲಾ ಹೇಳಿ, ಹೂವನ್ನು ಬಿಟ್ಟಳು.

ಹೂವು ಅವತ್ತು ಅರಳಿದ ಹಾಗೆ ಎಂದೂ ಅರಳಿರಲಿಲ್ಲ. ಕಣ್ಣೆದುರಿಗೇ ಕಡ್ಡಿಗಳು ಸಡಿಲಾದವು, ಒಂದೊಂದಾಗಿ ಹೊರಳಿ ನೀರಿನ ಮೇಲೆ ಚಾಚಿಕೊಂಡವು. ಇಷ್ಟು ವರ್ಷ ಊರವರ ಮಕ್ಕಳಿಗೆ ದುಡಿದ ಹೂವು ತನ್ನ ಮಗಳಿಗೆ ಮನಸಾರೆ ಬಾಗಿಲು ತೆರೆಯುತ್ತಿದೆ ಎಂದು ಅವಳ ಕಣ್ಣು ತುಂಬಿ ಬಂದವು.

ಆಸಿಫ್ ಕಾರಿನ ಚಾವಿ ಹಿಡಿದು ಒಳಗೆ ಇಣುಕಿದ. "ಹೊಂಡೂಣೇನ್ರಿ ಅಮ್ಮೀ?"

"ಹೂವು ಹೆಂಗ ಅರಳಾಕತ್ತದ ನೋಡ್ರಿ ಆಸಿಫ್ ಮಿಯಾ. ಈಗ ಹೊಂಟ್ರ ನೀರಮಾನ್ವಿ ದಾಟೂದ್ರಾಗ ದಾರ್ಯಾಗ ಹಡೀತಾಳ. ರಸ್ತಾದಾಗ ಮಾನ ಕಳಕೊಳ್ಳೂದು ಬ್ಯಾಡ. ನೀವು ಜುಮ್ಮಾ ನಮಾಜು ಮುಗಿಸಿಕೊಂಡು ಬರ್ರಿ. ಬಂದ ಕೂಡಲೆ ಕೂಸಿನ್ನ ಕೈಯಾಗ ಕೊಡ್ತೀನಿ."

ಅವನು ನಿಗಾರ್‌ಳನ್ನು ನೋಡಿದ, ಅತ್ತೆಯನ್ನು ನೋಡಿದ. ಹೆರಿಗೆಯ ವಿಷಯದಲ್ಲಿ ಅವಳಿಗೆ ಎದುರಾಡಿದ ಗಂಡಸು ಮಾನ್ವಿಯಲ್ಲಿ ಇರಲಿಲ್ಲ, ಅವನಂತೂ ಅಳಿಯ. ಟೋಪಿ ಹಾಕಿಕೊಂಡು ಮಾವನ ಜೊತೆ ಮಸೀದಿಗೆ ಹೋದ. ಅಂಬಮ್ಮ ಫೋನು ಮಾಡಿ ಹೊರಟಿರೇನು ಎಂದು ಕೇಳಿದಳು. ಹೊರಟೇ ಬಿಟ್ಟೆವೆಂದು ಕಮರುನ್ನೀಸಾ ಹೇಳಿದಳು.

ಹೆರುವ ಎಷ್ಟೋ ಹೆಂಗಸರ ಒದ್ದಾಟವನ್ನು ಅವಳು ರೆಪ್ಪೆ ಬಡಿಯದೆ ನೋಡಿದ್ದಾಳೆ. ತೊಡೆ ತಿಕ್ಕಿದ್ದಾಳೆ, ಬೈದಿದ್ದಾಳೆ, ನಗಿಸಿದ್ದಾಳೆ. ಆದರೆ ನಿಗಾರ್ ತುಟಿ ಕಚ್ಚಿ ಗೋಡೆಗೆ ತಲೆ ಉಜ್ಜುವುದನ್ನು ಅವಳಿಂದ ನೋಡಲಾಗಲಿಲ್ಲ. ಕಣ್ಣನ್ನು ಬಟ್ಟಲಿಗೆ ಕೀಲಿಸಿದಳು. ಹೂವು ಚೆನ್ನಾಗಿತ್ತು. ಅದನ್ನು ನೋಡುತ್ತಿದ್ದಷ್ಟು ಹೊತ್ತು ಎಲ್ಲವೂ ಚೆನ್ನಾಗಿತ್ತು. ದೂರದಲ್ಲಿ ಮಸೀದಿಯಿಂದ ಜುಮ್ಮಾದ ಖುತ್ಬಾ, ಇಮಾಮರ ಪ್ರವಚನ, ಕೇಳುತ್ತಿತ್ತು. ಗಂಡಸರು ಮರಳುವ ಹೊತ್ತಿಗೆ ಹೂವು ಅಂಗೈ ಅಗಲ ಬಿಚ್ಚಿಕೊಂಡು ಕೂತಿತ್ತು, ಹಾಸಿಗೆ ರಕ್ತದಲ್ಲಿ ತೊಯ್ದಿತ್ತು.

ಅವತ್ತು ಕಾರು ಓಡಿಸಿದ್ದರ ಬಗ್ಗೆ ಆಸಿಫ್ ಆಮೇಲೆ ಎಂದೂ ಮಾತಾಡಲಿಲ್ಲ. ನೀರಮಾನ್ವಿಯ ಎಲ್ಲಮ್ಮನ ಗುಡಿ ಕಾಣುವಷ್ಟರಲ್ಲಿ ನಿಗಾರ್‌ಗೆ ಎಚ್ಚರ ತಪ್ಪಿತು. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಕೂಸು ಹೊಟ್ಟೆಯಲ್ಲಿ ಹೋಗಿ ಬಹಳ ಹೊತ್ತಾಗಿದೆ, ತಾಯಿ ಉಳಿಯಬೇಕಾದರೆ ಗರ್ಭಕೋಶ ತೆಗೆಯಬೇಕು ಎಂದರು. ಆಸಿಫ್ ಹ್ಞೂಂ ಎಂದ. ಹೆಣ್ಣುಕೂಸು. ನಿಗಾರ್‌ಗೆ ಎಚ್ಚರವಾಗುವ ಮುಂಚೆ ಗಂಡಸರು ರಾಯಚೂರಿನಲ್ಲಿಯೇ ಅದನ್ನು ಮಣ್ಣು ಮಾಡಿ ಬಂದರು.

ನಿಗಾರ್ ಉಳಿದಳು. ಆಸ್ಪತ್ರೆಯಿಂದ ಬಿಟ್ಟ ದಿನ ಆಸಿಫ್ ಅವಳನ್ನು ಸೀದಾ ದೇವದುರ್ಗಕ್ಕೆ ಕರೆದೊಯ್ದ. ಬಾಣಂತಿಯ ನಲವತ್ತು ದಿನ ತವರಿನಲ್ಲಿ ಕಳೆಯಬೇಕು ಎಂದು ಕಮರುನ್ನೀಸಾ ಬಾಯಿ ತೆರೆಯಲಿಲ್ಲ. ಕೂಸೇ ಇಲ್ಲದವಳನ್ನು ಬಾಣಂತಿ ಎಂದು ಯಾವ ಬಾಯಿಂದ ಕರೆಯುವುದು. ತಿಂಗಳಾದ ಮೇಲೆ ಖಾರದ ಪುಡಿ, ಗೋಡಂಬಿ, ಖರ್ಜೂರ ಕಟ್ಟಿಕೊಂಡು ಹೋದಳು. ನಿಗಾರ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಸಿಫ್ ಮೆಲ್ಲಗೆ, "ಆಕಿಗೆ ನಿದ್ದಿ ಹತ್ಯಾದ್ರಿ ಅಮ್ಮೀ," ಎಂದ. ನಿದ್ದೆ ಹತ್ತಿದವರ ಬೆನ್ನು ಹಾಗಿರುವುದಿಲ್ಲ ಎಂದು ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ. ಗಂಟನ್ನು ಇಟ್ಟು ಮುಂದಿನ ಬಸ್ಸಿಗೆ ಮರಳಿದಳು.

ಆಮೇಲೆ ಉಳಿದದ್ದು ಫೋನು. ಊಟ ಆತೇನು, ಆತು. ಆಸಿಫ್ ಹೆಂಗದಾರ, ಚಲೋ ಅದಾರ. ಅಷ್ಟು ಹೇಳಿ ನಿಗಾರ್ ಇಟ್ಟುಬಿಡುತ್ತಿದ್ದಳು. ಬೈದಿದ್ದರೆ, ಅತ್ತಿದ್ದರೆ, ನೀನೇ ಕೊಂದೆ ಎಂದು ಒಮ್ಮೆ ಕೂಗಿದ್ದರೆ ಕಮರುನ್ನೀಸಾ ಬದುಕಿಕೊಳ್ಳುತ್ತಿದ್ದಳು. ಈದ್ ಬಂದರೂ ಮಗಳು ಮಾನ್ವಿಗೆ ಬರಲಿಲ್ಲ. ತಿಂಗಳಿಗೊಮ್ಮೆ ಖಾಜಾಮಿಯಾ ಮಂಡಾಳಿನ ಚೀಲ ಹೊತ್ತು ಹೋಗಿ ಬರುತ್ತಿದ್ದ. ಅವನ ಜೊತೆ ನಿಗಾರ್ ಮಾತಾಡುತ್ತಿದ್ದಳು. "ನನ್ನ ಕೇಳಿದ್ಲೇನು?" ಎಂದು ಕಮರುನ್ನೀಸಾ ಕೇಳಿದರೆ, "ಚಲೋ ಅದಾಳ," ಎಂದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ.

ಅವಳ ಬಾಯಿ ಸಣ್ಣದಾಯಿತು. ಅಳೆಯುವಾಗ ಅಳೆಯುವುದಷ್ಟೇ. ಗಿರಾಕಿಗಳಿಗೆ ಅದು ಒಗ್ಗದೆ ಬೇಗ ಬೇಗ ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಮಗಳು ಒಮ್ಮೆ ಬಂದು ಎದುರಿಗೆ ಕೂತು ಮೊದಲಿನ ಹಾಗೆ ಮಾತಾಡಬೇಕು, ಅಷ್ಟೇ ಅವಳಿಗೆ ಬೇಕಾಗಿತ್ತು. ನಮಾಜಿನಲ್ಲಿ ಬೇರೇನೂ ಕೇಳಿಕೊಳ್ಳುತ್ತಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಖಾಜಾಮಿಯಾ ದೇವದುರ್ಗಕ್ಕೆ ಹೋಗಿದ್ದ. ಮನೆಯಲ್ಲಿ ಯಾರಿಲ್ಲ. ಕಮರುನ್ನೀಸಾ ಪೆಟ್ಟಿಗೆಯಿಂದ ಹೂವನ್ನು ತೆಗೆದಳು. ಅವತ್ತು ನನಗೆ ತೋರಿಸಿದ್ದೇನು, ಆದದ್ದೇನು ಎಂದು ಅದನ್ನೇ ಕೇಳಬೇಕೆಂಬ ಹಟ ಅವಳಿಗೆ. ಕೊಡದ ತಣ್ಣೀರನ್ನು ಬಟ್ಟಲಿಗೆ ಹೊಯ್ದು, ಅತ್ತೆಯ ಕಟ್ಟಳೆ ಮುರಿದು, ಹೆರುವವರಿಲ್ಲದ ಮನೆಯಲ್ಲಿ ಹೂವನ್ನು ನೀರಿಗೆ ಬಿಟ್ಟಳು. ಅದು ಕದಲುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಅಂಗಡಿಗೆ ಹೋಗಿ ಒಂದಿಬ್ಬರಿಗೆ ಮಂಡಾಳು ಅಳೆದು ಒಳಗೆ ಬಂದಾಗ ಹೂವು ಅರ್ಧ ಬಿಚ್ಚಿತ್ತು.

ಅವಳು ಅಲ್ಲೇ ನೆಲಕ್ಕೆ ಕೂತಳು. ಯಾರ ನೋವಿಗೆ ಎಚ್ಚರವಾಯಿತು ಇದು? ಓಣಿಯಲ್ಲಿ ಯಾರಾದರೂ ಹೆರುತ್ತಿದ್ದಾರೆಯೇ ಎಂದೂ ಒಂದು ಗಳಿಗೆ ಯೋಚಿಸಿದಳು. ಮನಸ್ಸು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹೂವನ್ನು ನಾಲ್ಕಾರು ದಿನ ಒಣಗಿಸಿ, ಅದು ಮತ್ತೆ ಮುಷ್ಟಿ ಕಟ್ಟಿದ ಮೇಲೆ, ಈ ಸಲ ಒಲೆಯ ಮೇಲೆ ಬೆಚ್ಚಗೆ ಮಾಡಿದ ನೀರಿಗೆ ಬಿಟ್ಟಳು. ಆ ಶುಕ್ರವಾರ ನಲ್ಲಿ ತಿರುಗಿಸಿದಾಗ ಕೈ ಸುಟ್ಟದ್ದು ಅವಳಿಗೆ ನೆನಪಾಗಿತ್ತು. ಮಾಳಿಗೆಯ ಮೇಲಿನ ಟ್ಯಾಂಕಿ ಬಿಸಿಲಿಗೆ ಕಾದಿತ್ತು. ಹೂವು ಅವತ್ತಿನ ಹಾಗೆಯೇ, ಅಷ್ಟೇ ಚೆಂದಾಗಿ, ಅಷ್ಟೇ ಬೇಗ ಅರಳಿತು.

ಚಳಿಗಾಲದಲ್ಲಿ ಹೆರುವವರಿಗೆಲ್ಲ ಕಷ್ಟ ಎಂದು ಹೆದರಿಸಿದ್ದು, ಬೇಸಿಗೆಯವರಿಗೆ ಹಗುರ ಎಂದು ಧೈರ್ಯ ಹೇಳಿದ್ದು ಎಲ್ಲ ಒಂದೊಂದಾಗಿ ಅವಳ ಮುಂದೆ ಬಂದು ನಿಂತವು. ಆ ದಿನ ಸಂಜೆ ಭಟ್ಟಿಯಿಂದ ಬಂದ ಖಾಜಾಮಿಯಾ ಬಟ್ಟಲನ್ನು ನೋಡಿದ, ಅವಳನ್ನು ನೋಡಿದ.

"ಇದು ಸತ್ತದ್ರೀ," ಎಂದಳು ಅವಳು. "ನೀರು ಯಾರು ಹಾಕಿದ್ರೂ ಬಿಚ್ಚತದ. ನಿಮಗ ಗೊತ್ತಿತ್ತೇನು?"

"ಒಣಗಿದ್ದು ನೀರು ಕುಡೀತದ. ಅಕ್ಕಿನೂ ಕುಡೀತದ," ಎಂದ ಅವನು, ಅಂಗಿಯ ಧೂಳು ಕೊಡವುತ್ತ.

"ಮತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ನೀ ಕೇಳಾಕಿ ಏನು?"

ಉತ್ತರಕ್ಕೆ ಅವನು ಕಾಯಲಿಲ್ಲ. ಕೈಕಾಲು ತೊಳೆಯಲು ಹೋದವನು ಹಿತ್ತಲಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದ. ಅವನೂ ಅಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಮೊದಲ ಸಲ ತಿಳಿದದ್ದು.

ದೀಪಾವಳಿ ಮುಗಿದು ಭತ್ತದ ಕೊಯ್ಲು ನಡೆದಿದ್ದಾಗ ಅಕ್ಕಿ ಗಿರಣಿಯ ಮನೆಯ ಮಹಾಂತಮ್ಮ ಬಂದಳು. ಮಗಳು ಕಾವ್ಯಾಳ ದಿನ ತುಂಬಿದ್ದವು. ಮಹಾಂತಮ್ಮನ ಮಕ್ಕಳೆಲ್ಲ ಈ ಹೂವಿನ ಮುಂದೆಯೇ ಹುಟ್ಟಿದವರು. ಕಮರುನ್ನೀಸಾ ಕೂರಿಸಿ, ನೀರು ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅದು ಒಣಾ ಕಡ್ಡಿ ಮಹಾಂತಮ್ಮ. ಅದಕ್ಕ ಯಾರ ನೋವೂ ಗೊತ್ತಾಗೂದಿಲ್ಲ. ಮಗಳನ್ನ ಲಗೂನ ರಾಯಚೂರಿಗೆ ಕರಕೊಂಡು ಹೋಗ್ರಿ. ಅಲ್ಲೇ ಇರ್ರಿ."

"ಆಸ್ಪತ್ರಿಗೆ ಹೋಗೇ ಹೋಗ್ತೀವಿ. ಕೈಚೀಲದಾಗ ಇರ್ಲಿ ಅಂತ ಕೇಳಾಕತ್ತೀನಿ."

"ಕೊಡೂದಿಲ್ಲವ್ವಾ. ಯಾರಿಗೂ ಕೊಡೂದಿಲ್ಲ."

ಮಹಾಂತಮ್ಮ ಲೋಟ ಕೆಳಗಿಟ್ಟು ಎದ್ದಳು. "ನಿಮ್ಮ ಮನ್ಯಾಗ ಕೆಟ್ಟದ್ದಾತಂತ ನಮಗೂ ಬ್ಯಾಡ ಅನಬಾರದ್ರಿ ಕಮರಮ್ಮ," ಎಂದು ಸೆರಗು ಸರಿಮಾಡಿಕೊಂಡು ಹೋದಳು. ಕಾವ್ಯಾಗೆ ರಾಯಚೂರಿನಲ್ಲಿ ಗಂಡುಮಗು ಆಯಿತೆಂದು ಕಮರುನ್ನೀಸಾಳಿಗೆ ಮಂಡಾಳು ಕೊಳ್ಳಲು ಬಂದ ಬೇರೆಯವರಿಂದ ತಿಳಿಯಿತು. ಮಗಳಿಗೆ ಅನ್ಯಾಯ ಮಾಡಿಕೊಂಡು ಈಗ ಊರ ಮಕ್ಕಳ ಮೇಲೆ ಹೊಟ್ಟೆಕಿಚ್ಚು ಎಂದು ಯಾರೋ ಆಡಿದ್ದೂ ತಿಳಿಯಿತು. ಆ ಮಾತಿಗೆ ಅವಳಿಗೆ ಸಿಟ್ಟು ಬರಲಿಲ್ಲ. ಹೂವು ಸತ್ತದ್ದೆಂದು ಮೊದಲು ತಿಳಿಯಬೇಕಾದವಳು ಒಬ್ಬಳಿದ್ದಾಳೆ, ಅವಳಿಗೆ ಹೇಳದೆ ಊರಿಗೆಲ್ಲ ಹೇಳುತ್ತ ಕೂತಿದ್ದೇನೆ ಎನಿಸಿತು. ಮರುದಿನ ಹೂವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಮಾತು ಜೋಡಿಸಿದಳು. ನನ್ನದೇನೂ ಇಲ್ಲ ಬೇಟಾ, ಹೂವು ನನಗೆ ಮೋಸ ಮಾಡಿತು. ನಾನು ನಂಬಿದೆ, ನನ್ನ ಅತ್ತೆ ನಂಬಿದಳು. ಕಣ್ಣಾರೆ ತೋರಿಸಿದರೆ ನಿಗಾರ್ ಒಪ್ಪಿಯಾಳು. ಒಪ್ಪಿದರೆ ಸಿಟ್ಟು ಇಳಿದೀತು. ಸಿಟ್ಟು ಇಳಿದರೆ ಮಾನ್ವಿಗೆ ಬಂದಾಳು. ಗದ್ದೆಗಳ ಕಡೆ ಅವಳು ನೋಡಲಿಲ್ಲ, ಟಿಕೆಟ್ಟು ಕೇಳಿದ ಕಂಡಕ್ಟರನಿಗೆ ಎರಡು ಸಲ ಊರು ಹೇಳಬೇಕಾಯಿತು.

ಆಸಿಫ್‌ನ ಗ್ಯಾರೇಜಿನ ಹಿಂದೆಯೇ ಮನೆ. ಬಿಚ್ಚಿಟ್ಟ ಮೋಟರ್ ಸೈಕಲ್ಲಿನ ಹತ್ತಿರದಿಂದ ಅವನು ಎದ್ದು ಸಲಾಮು ಮಾಡಿ, "ಒಳಗದಾಳ, ಹೋಗ್ರಿ ಅಮ್ಮೀ," ಎಂದ. ನಿಗಾರ್ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಬಾ ಎಂದಳು. ಕುಡಿಯಲು ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಅಬ್ಬಾ ಯಾಕೆ ಬರಲಿಲ್ಲವೆಂದು ಕೇಳಿದಳು. ಕಮರುನ್ನೀಸಾಳಿಗೆ ತಡೆಯಲಾಗಲಿಲ್ಲ.

"ಒಂದು ಬಟ್ಟಲಾ ತಾ ಬೇಟಾ. ಬೆಚ್ಚಗ ನೀರು ಹಾಕಿ ತಾ. ನಿನಗೊಂದು ತೋರಸ್ತೀನಿ."

ಅವಳ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನಿಗಾರ್ ನೋಡಿದಳು. ಬಟ್ಟಲು ತಂದಿಟ್ಟು ಎದುರಿಗೆ ಕೂತಳು. ಕಮರುನ್ನೀಸಾ ಹೂವನ್ನು ನೀರಿಗೆ ಬಿಟ್ಟು ಬಗ್ಗಿದಳು.

"ನೋಡು, ಇಲ್ಲಿ ಹಡಿಯೋರು ಯಾರೂ ಇಲ್ಲ. ಆದ್ರೂ ಬಿಚ್ಚತದ ನೋಡ್ತಿರು. ಇದು ಸತ್ತದ್ದು. ನನಗ ಮೋಸ ಮಾಡ್ತು ಇದು. ಹ್ಞಾಂ, ಆ ಕಡಿ ಕಡ್ಡಿ ಸಡಲಾತು ನೋಡು."

"ಅಮ್ಮೀ."

"ಇನ್ನಾ ಸ್ವಲ್ಪ ತಡಿ. ಪೂರಾ ಅರಳಲಿ."

"ಅಮ್ಮೀ, ಬಟ್ಟಲಾ ಬಿಡು. ನನ್ನ ಕಡಿ ನೋಡು."

ಕಮರುನ್ನೀಸಾ ತಲೆ ಎತ್ತಿದಳು. ಮಗಳ ಮುಖ ಬತ್ತಿತ್ತು. ಕಣ್ಣಿನ ಸುತ್ತ ಕಪ್ಪು, ಕಿವಿಯ ಹತ್ತಿರ ಕೂದಲು ನೆರೆತಿತ್ತು. ಈ ವಯಸ್ಸಿಗೆ ತನಗೂ ನೆರೆತಿರಲಿಲ್ಲ.

"ಹೂವಿನ ಮ್ಯಾಲ ನನಗ ಸಿಟ್ಟಿಲ್ಲ," ಎಂದಳು ನಿಗಾರ್. ಧ್ವನಿ ಎತ್ತರಿಸಲಿಲ್ಲ. "ಅವತ್ತು ನಾ ನಿನಗ ಹೇಳಾಕತ್ತಿದ್ದೆ, ಕೂಸು ಹೊಟ್ಟ್ಯಾಗ ಸುಮ್ಮನಾಗ್ಯಾದ, ಮಿಸುಕಾಡವಲ್ದು ಅಂತ. ಮತ್ತ ಮತ್ತ ಹೇಳಿದೆ. ನೀ ಅರಳ್ತು, ಅರಳ್ತು ಅನಕೋಂತ ಬಟ್ಟಲಾ ನೋಡಕೋಂತ ಕುಂತಿ. ನಾ ಸಾಯಾಕತ್ತೀನಿ ಅಂತ ತಿಳಕೊಂಡಿದ್ದೆ. ನಮ್ಮಮ್ಮ ಒಮ್ಮಿ ನನ್ನ ಮಾರಿ ನೋಡ್ಲಿ ಅಂತ ಅನಸ್ತಿತ್ತು. ನೀ ನೋಡಲಿಲ್ಲ."

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. "ನಿನ್ನ ಮಾರಿ ನೋಡಾಕ ನನ್ನ ಕೈಲೆ ಆಗ್ಲಿಲ್ಲ ಬೇಟಾ," ಎಂದಳು ಕಮರುನ್ನೀಸಾ. "ನೀ ಒದ್ದಾಡೂದು ನೋಡಾಕ ಆಗ್ಲಿಲ್ಲ."

"ಗೊತ್ತದ. ಆಮ್ಯಾಲ ಗೊತ್ತಾತು."

ಚಹಾ ಉಕ್ಕಿತು. ನಿಗಾರ್ ಎದ್ದು ಇಳಿಸಿ ಬಂದಳು. ಬಂದವಳು ಮೊದಲಿಗಿಂತ ಹತ್ತಿರ, ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ನಿನ್ನ ಒಂದು ಕೇಳಬೇಕಿತ್ತು. ಫೋನಿನ್ಯಾಗ ಕೇಳಾಕ ಬಾಯಿ ಬರಲಿಲ್ಲ. ಆಕಿ ಹೆಂಗಿದ್ಲು?"

"ಯಾರು?" ಎಂದಳು ಕಮರುನ್ನೀಸಾ, ಯಾರೆಂದು ಗೊತ್ತಿದ್ದೂ.

"ನನಗ ಎಚ್ಚರ ಆಗೂದ್ರಾಗ ಮಣ್ಣಿಗಿಟ್ಟು ಬಂದಿದ್ರು. ಇವರು ಬಟ್ಟಿ ಬಿಚ್ಚಲಿಲ್ಲಂತ, ಧೈರ್ಯ ಆಗ್ಲಿಲ್ಲಂತ. ಅಬ್ಬಾನೂ ಬಿಚ್ಚಲಿಲ್ಲಂತ. ನರ್ಸಮ್ಮ ಮೊದಲ ನಿನ್ನ ಕೈಯಾಗ ಕೊಟ್ಟಿದ್ಲಂತ ಅಬ್ಬಾ ಹೇಳಿದ್ರು. ನೋಡಿದಾಕಿ ನೀ ಒಬ್ಬಾಕೀನ ಅಮ್ಮೀ. ಯಾರಂಗ ಇದ್ಲು?"

ನರ್ಸು ಕೊಟ್ಟದ್ದು ನಿಜ. ಆಸ್ಪತ್ರೆಯ ಪಡಸಾಲೆಯಲ್ಲಿ ಬಿಳಿ ಬಟ್ಟೆಯಲ್ಲಿ ಪೂರ್ತಿ ಸುತ್ತಿದ ಕೂಸನ್ನು ತಂದು ಕಮರುನ್ನೀಸಾಳ ಕೈಯಲ್ಲಿಟ್ಟು, ನೋಡಿಕೊಳ್ಳಮ್ಮ ಎಂದಿದ್ದಳು. ಮುಖದ ಮೇಲಿನ ಬಟ್ಟೆಯ ಅಂಚು ಅವಳ ಬೆರಳಿಗೆ ತಾಗುತ್ತಿತ್ತು. ಸರಿಸಿದರೆ ಸಾಕಿತ್ತು. ಅವಳು ಸರಿಸಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಎಷ್ಟು ಹೊತ್ತು ಹಿಡಿದಿದ್ದಳೋ, ಹಾಗೆಯೇ ಖಾಜಾಮಿಯಾನ ಕೈಗೆ ಕೊಟ್ಟುಬಿಟ್ಟಿದ್ದಳು. ಆ ಮುಖವನ್ನು ಮನೆಯವರು ಯಾರೂ ನೋಡಿಲ್ಲ. ನೋಡಬಹುದಾಗಿದ್ದ ಕೊನೆಯವಳು ತಾನು.

ನಿಗಾರ್ ಅವಳ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.

"ನಿನ್ನಂಗ ಇದ್ಲು," ಎಂದಳು ಕಮರುನ್ನೀಸಾ.

"ಖರೇನ?"

"ಖರೇನ. ಥೇಟ್ ನಿನ್ನಂಗ."

"ತಲಿ ಮ್ಯಾಲ ಕೂದಲಾ ಇತ್ತೇನು?"

"ತಲಿ ತುಂಬ ಇತ್ತು. ಕಪ್ಪಗ. ಹಣಿ ಮ್ಯಾಲ ಅಂಟಿಕೊಂಡಿತ್ತು."

"ಕಣ್ಣು?"

"ಮುಚ್ಚಿದ್ಲು. ರೆಪ್ಪಿ ಉದ್ದ ಇದ್ವು. ಕೆಳಗಿನ ತುಟಿ ಸ್ವಲ್ಪ ಮುಂದ, ಸಿಟ್ಟು ಮಾಡಿಕೊಂಡೋರಂಗ."

ನಿಗಾರ್ ಹುಟ್ಟಿದ ದಿನ ತಾನು ಕಂಡ ಮುಖವನ್ನೇ ಅವಳು ಹೇಳುತ್ತಿದ್ದಳು, ಬೇರೆ ಮುಖ ಅವಳ ಹತ್ತಿರ ಇರಲಿಲ್ಲ. ಹೇಳುವಾಗ ಈ ಸಲ ಮಗಳ ಮುಖದಿಂದ ಕಣ್ಣು ಕೀಳಲಿಲ್ಲ. ನಿಗಾರ್ ಬಗ್ಗಿ ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಅಳತೊಡಗಿದಳು, ಇಷ್ಟು ತಿಂಗಳು ಎಲ್ಲಿ ಇಟ್ಟುಕೊಂಡಿದ್ದಳೋ ಎನ್ನುವ ಹಾಗೆ. ಹೊರಗೆ ಆಸಿಫ್‌ನ ಸುತ್ತಿಗೆಯ ಸದ್ದು ನಿಂತಿತು. ಕಮರುನ್ನೀಸಾ ಅವಳ ನೆರೆತ ಕೂದಲಿನ ಮೇಲೆ ಕೈಯಾಡಿಸುತ್ತ ಕೂತಳು. ಮಗಳು ಅವಳಿಗೆ ಮರಳಿ ಸಿಕ್ಕಿದ್ದಳು. ಇನ್ನು ಸಾಯುವ ತನಕ ಈ ಸುಳ್ಳನ್ನು ತಪ್ಪಿಲ್ಲದೆ ನೆನಪಿಟ್ಟುಕೊಳ್ಳಬೇಕು.

"ಬೆರಳು ಹೆಂಗಿದ್ವು ಅಮ್ಮೀ?" ಎಂದಳು ನಿಗಾರ್, ತಲೆ ಎತ್ತದೆ. "ಇನ್ನಾ ಹೇಳು."